ಸಿಲಬಸ್ ಬಿಡಿ, ಪಾಠ ಮಾಡೋರು ಯಾರು ಹೇಳಿ: ‘ಡಿಜಿಟಲ್ ಇನ್ನೋವೇಷನ್’ ಕೋರ್ಸುಗಳ ಮೇಷ್ಟ್ರುಗಳು ಎಲ್ಲಿಂದ ಬರ್ತಾರೆ?

ಹೋದ ತಿಂಗಳು ತಿಪಟೂರಿನಿಂದ ಚಿಕ್ಕಪ್ಪನ ಮಗಳು ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಕಳಿಸಿದಳು. ಖಾಸಗಿ ವಿಶ್ವವಿದ್ಯಾಲಯವೊಂದರ ಎರಡು ವರ್ಷದ ಸ್ನಾತಕೋತ್ತರ ಕೋರ್ಸು. ಹೆಸರಲ್ಲಿ ‘ಡಿಜಿಟಲ್ ಇನ್ನೋವೇಷನ್’ ಇತ್ತು. ಮುಖಪುಟದಲ್ಲಿ ವಿಆರ್ ಕನ್ನಡಕ ಹಾಕಿಕೊಂಡು ಗಾಳಿಯಲ್ಲಿ ಕೈಯಾಡಿಸುತ್ತಿರುವ ಹುಡುಗಿ. ಯಾವ ಪದವಿ ಮಾಡಿದವರಾದರೂ ಸೇರಬಹುದು ಅನ್ನೋ ಸಾಲು ದಪ್ಪಕ್ಷರದಲ್ಲಿ, ಫೀಸು ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ.

ಆಕೆ ಬಿಕಾಂ ಮುಗಿಸಿದ್ದಾಳೆ. ಚಿಕ್ಕಪ್ಪನದು ತೆಂಗಿನ ತೋಟ, ಕೊಬ್ಬರಿ ಮಾರೋದು ಎಪಿಎಂಸಿಯ ಆನ್‌ಲೈನ್ ಟೆಂಡರಿನಲ್ಲಿ. ದರ ಎಷ್ಟಾಯ್ತು ಅಂತ ಮೊಬೈಲಿನಲ್ಲಿ ನೋಡಿ ಅಪ್ಪನಿಗೆ ಹೇಳೋದು ಇವಳ ಕೆಲಸ. ಆ ಪರದೆ ರೈತನಿಗೆ ಅರ್ಥವಾಗೋ ಹಾಗೆ ಯಾಕಿಲ್ಲ ಅನ್ನೋದು ಅವಳ ಬಹುದಿನದ ಸಿಟ್ಟು. ಕೋರ್ಸಿನ ಆಸೆ ಹುಟ್ಟಿದ್ದೂ ಅಲ್ಲಿಂದಲೇ. “ಅಣ್ಣಾ, ಸೇರ್ಬಹುದಾ? ಸಿಲಬಸ್ ಚೆನ್ನಾಗಿದೆ ಅನ್ಸುತ್ತೆ” ಅಂತ ಕೇಳಿದಳು.

ಸಿಲಬಸ್ ನೋಡಿದೆ. ಡಿಸೈನ್ ಥಿಂಕಿಂಗ್, ಎಐ, ಡೇಟಾ, ಉದ್ಯಮಶೀಲತೆ, ಕೊನೆಗೊಂದು ಪ್ರಾಜೆಕ್ಟು. ಇಂಥ ಹತ್ತು ಕೋರ್ಸುಗಳ ಸಿಲಬಸ್ ತಂದು ಹೆಸರು ಮುಚ್ಚಿಟ್ಟರೆ ಯಾವುದು ಯಾರದ್ದು ಅಂತ ಹೇಳೋಕಾಗಲ್ಲ. “ಸಿಲಬಸ್ ಬಿಡು, ಪಾಠ ಮಾಡೋರ ಪಟ್ಟಿ ಕಳಿಸು” ಅಂದೆ. ಪಟ್ಟಿಯಲ್ಲಿ ನಾನು ಏನು ಹುಡುಕಿದೆ ಅಂತ ಅವಳಿಗೆ ಹೇಳಬೇಕಿತ್ತು. ಆ ವಿವರಣೆ ಉದ್ದವಾಗಿ ಈ ಲೇಖನವಾಯಿತು.

ಭೌತಶಾಸ್ತ್ರದ ಎಂಎಸ್ಸಿ ಆಗಿದ್ದರೆ ಸಿಲಬಸ್ ನೋಡಿದರೆ ಮುಕ್ಕಾಲು ಪಾಲು ಸಾಕು. ಮೈಸೂರಿನಲ್ಲಿ ಓದಿದರೂ ಧಾರವಾಡದಲ್ಲಿ ಓದಿದರೂ ಕ್ವಾಂಟಂ ಮೆಕ್ಯಾನಿಕ್ಸ್ ಕ್ವಾಂಟಂ ಮೆಕ್ಯಾನಿಕ್ಸೇ. ಮೇಷ್ಟ್ರು ಸರಿಯಿಲ್ಲದಿದ್ದರೆ ಪುಸ್ತಕವಾದರೂ ಕೈಹಿಡಿಯುತ್ತೆ. ಆದರೆ ಎಂಜಿನಿಯರಿಂಗ್, ವಿನ್ಯಾಸ, ಸಮಾಜ ವಿಜ್ಞಾನ, ಮ್ಯಾನೇಜ್‌ಮೆಂಟ್ ಎಲ್ಲವನ್ನೂ ಸೇರಿಸಿ ಮಾಡಿದ ಕೋರ್ಸಿಗೆ ಎಲ್ಲರೂ ಒಪ್ಪಿದ ಪಠ್ಯ ಅನ್ನೋದು ಇಲ್ಲ. ಅಲ್ಲಿ ಕಲಿಸುವವರು ಎಲ್ಲಿಂದ ಬಂದಿದ್ದಾರೋ ಅದೇ ಪಠ್ಯ. ಯಾವುದನ್ನು ‘ಸಮಸ್ಯೆ’ ಅಂತ ಕರೆಯಬೇಕು ಅನ್ನೋದನ್ನು ತೀರ್ಮಾನ ಮಾಡುವವರೂ ಅವರೇ.

ಇದು ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲೇ ಬಿದ್ದಿದೆ.

ಒಂದು ನೀಲಿ ಬೋರ್ಡಿನ ವಂಶಾವಳಿ

ಎಂಜಿನಿಯರಿಂಗ್ ಓದಿದವರಿಗೆ ಆರ್ಡುಯಿನೊ ಗೊತ್ತಿರುತ್ತೆ. ಅಂಗೈಯಗಲದ ನೀಲಿ ಸರ್ಕ್ಯೂಟ್ ಬೋರ್ಡು, ಯುಎಸ್‌ಬಿ ಚುಚ್ಚಿ ನಾಲ್ಕು ಸಾಲು ಕೋಡ್ ಬರೆದರೆ ಎಲ್‌ಇಡಿ ಮಿನುಗುತ್ತೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ನಾನೂ ಅದನ್ನೇ ಬಳಸಿದ್ದೆ. ಅದರಲ್ಲಿ ಬರೆಯುವ ಪ್ರೋಗ್ರಾಮಿಗೆ ‘ಸ್ಕೆಚ್’ ಅಂತ ಹೆಸರು. ಆಗ ಫೈಲಿನ ಕೊನೆಗೆ ‘ಪಿಡಿಇ’ ಅಂತ ಬರ್ತಿತ್ತು. ಪ್ರೋಗ್ರಾಮಿಗೆ ಯಾಕೆ ಸ್ಕೆಚ್ ಅಂತಾರೆ ಅಂತ ಲ್ಯಾಬಿನಲ್ಲಿ ಕೇಳಿದಾಗ ಸಿಕ್ಕ ಉತ್ತರ: “ಹಾಗೇ ಅಂತಾರೆ ಕಣಯ್ಯಾ, ವೈವಾದಲ್ಲಿ ಅದೆಲ್ಲ ಕೇಳಲ್ಲ.”

ನಿಜವಾದ ಉತ್ತರ ಗೊತ್ತಾಗಿದ್ದು ಪತ್ರಿಕೋದ್ಯಮಕ್ಕೆ ಬಂದ ಮೇಲೆ. ಆರ್ಡುಯಿನೊ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಹುಟ್ಟಿದ್ದೇ ಅಲ್ಲ. ಅದು ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರೆಯಾ ಎಂಬ ಸಣ್ಣ ಊರಿನ ವಿನ್ಯಾಸ ಶಾಲೆಯಲ್ಲಿ. ಇವ್ರೆಯಾ ಒಲಿವೆಟ್ಟಿ ಟೈಪ್‌ರೈಟರ್ ಕಂಪನಿಯ ಊರು. ಟೆಲಿಕಾಂ ಇಟಾಲಿಯಾ ಮತ್ತು ಒಲಿವೆಟ್ಟಿ ದುಡ್ಡಿನಲ್ಲಿ 2001ರಲ್ಲಿ ಅಲ್ಲಿ ಇಂಟರಾಕ್ಷನ್ ಡಿಸೈನ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಮೊದಲ ನಿರ್ದೇಶಕಿ ಗಿಲಿಯನ್ ಕ್ರ್ಯಾಂಪ್ಟನ್ ಸ್ಮಿತ್. ಕೇಂಬ್ರಿಡ್ಜ್‌ನಲ್ಲಿ ತತ್ವಶಾಸ್ತ್ರ, ಕಲಾ ಇತಿಹಾಸ ಓದಿ ಗ್ರಾಫಿಕ್ ಡಿಸೈನ್ ಮಾಡಿಕೊಂಡಿದ್ದವರು. ಅಲ್ಲಿ ಪಾಠ ಮಾಡಿದವರಲ್ಲಿ ಮ್ಯಾಸಿಮೊ ಬಾಂಜಿ ಮತ್ತು ಅಮೆರಿಕದ ಕೇಸಿ ರಿಯಾಸ್ ಇದ್ದರು. ವಿದ್ಯಾರ್ಥಿಗಳು ವಿನ್ಯಾಸಕಾರರು, ಎಲೆಕ್ಟ್ರಾನಿಕ್ಸ್ ಬಾರದವರು. ಆಗ ಸಿಗುತ್ತಿದ್ದ ಮೈಕ್ರೊಕಂಟ್ರೋಲರ್ ಬೋರ್ಡುಗಳು ದುಬಾರಿ, ಬಳಸೋದೂ ಕಷ್ಟ. ಎಂಜಿನಿಯರಿಂಗ್ ಕಾಲೇಜಿನಲ್ಲಾಗಿದ್ದರೆ “ಕಷ್ಟವಾದರೆ ಕಲೀರಿ” ಅಂತಿದ್ದರು. ಇಲ್ಲಿ ಕಷ್ಟವನ್ನೇ ಸಮಸ್ಯೆ ಅಂತ ತಗೊಂಡರು.

‘ಸ್ಕೆಚ್’ ಎಂಬ ಪದ ಬಂದಿದ್ದು ಕೇಸಿ ರಿಯಾಸ್ ಕಡೆಯಿಂದ. ರಿಯಾಸ್ ಮತ್ತು ಬೆನ್ ಫ್ರೈ ಎಂಬ ಇಬ್ಬರು 2001ರಲ್ಲಿ ‘ಪ್ರೊಸೆಸಿಂಗ್’ ಅನ್ನೋ ಪ್ರೋಗ್ರಾಮಿಂಗ್ ಪರಿಸರ ಶುರು ಮಾಡಿದ್ದರು. ಕಲಾವಿದರು ಪೆನ್ಸಿಲ್ಲಿನಲ್ಲಿ ಗೀಚಿ ನೋಡುವ ಹಾಗೆ ಕೋಡಿನಲ್ಲೂ ಗೀಚಿ ನೋಡಬೇಕು ಅನ್ನೋದು ಅದರ ಯೋಚನೆ. ಹಾಗಾಗಿ ಸ್ಕೆಚ್. ‘ಪಿಡಿಇ’ಯಲ್ಲಿರುವ ಪಿ ಅಂದರೆ ಪ್ರೊಸೆಸಿಂಗೇ. ಇವರಿಬ್ಬರೂ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಜಾನ್ ಮೇಡಾ ಅವರ ವಿದ್ಯಾರ್ಥಿಗಳು. ಮೇಡಾ ಎಂಐಟಿಯಲ್ಲೇ ಎಂಜಿನಿಯರಿಂಗ್ ಓದಿ, ಜಪಾನಿಗೆ ಹೋಗಿ ವಿನ್ಯಾಸ ಕಲಿತು, 1996ರಲ್ಲಿ ವಾಪಸ್ ಬಂದು ಮೇಷ್ಟ್ರಾದವರು. ಆ ದಾರಿ ಅವರಿಗೆ ಕಂಡಿದ್ದು ಮ್ಯೂರಿಯಲ್ ಕೂಪರ್ ಅವರಿಂದ.

ಕೂಪರ್ ಬಗ್ಗೆ ಸ್ವಲ್ಪ ನಿಲ್ಲಬೇಕು. 1952ರಲ್ಲಿ ಎಂಐಟಿಯ ಪ್ರಕಟಣಾ ಕಚೇರಿಗೆ ಬಂದ ಪುಸ್ತಕ ವಿನ್ಯಾಸಕಿ ಆಕೆ. ಎಂಐಟಿ ಪ್ರೆಸ್ ಪುಸ್ತಕಗಳ ಬೆನ್ನಿನ ಮೇಲೆ ಏಳು ಗೆರೆಗಳ ಲಾಂಛನ ಕಾಣುತ್ತಲ್ಲ, ಅದು ಆಕೆಯದ್ದು. ಕಂಪ್ಯೂಟರ್ ಪರದೆಯ ಮೇಲೆ ಅಕ್ಷರ ಹೇಗೆ ಕಾಣಬೇಕು ಎಂಬ ಪ್ರಶ್ನೆಯನ್ನು ಎಪ್ಪತ್ತರ ದಶಕದಲ್ಲೇ ಕೈಗೆತ್ತಿಕೊಂಡು ‘ವಿಸಿಬಲ್ ಲ್ಯಾಂಗ್ವೇಜ್ ವರ್ಕ್‌ಶಾಪ್’ ಕಟ್ಟಿದರು. ಸ್ವತಃ ಪ್ರೋಗ್ರಾಮರ್ ಆಗಲಿಲ್ಲ. ಆದರೆ ಪ್ರೋಗ್ರಾಮರುಗಳಿಗೆ ಯಾವ ಪ್ರಶ್ನೆ ಕೇಳಬೇಕು ಅಂತ ಗೊತ್ತಿತ್ತು. 1985ರಲ್ಲಿ ಮೀಡಿಯಾ ಲ್ಯಾಬ್ ಶುರುವಾದಾಗ ಈ ಮುದ್ರಣದ ಹೆಂಗಸು ಅದರ ಮೊದಲ ಅಧ್ಯಾಪಕರಲ್ಲಿ ಒಬ್ಬರು. ಸ್ಥಾಪಕ ನಿಕೊಲಸ್ ನೆಗ್ರೊಪಾಂಟೆ ವಾಸ್ತುಶಿಲ್ಪಿ. ಜೊತೆಗಿದ್ದ ಟಾಡ್ ಮ್ಯಾಕೋವರ್ ಸಂಗೀತ ಸಂಯೋಜಕ. ಸೇಮೋರ್ ಪೇಪರ್ಟ್ ದಕ್ಷಿಣ ಆಫ್ರಿಕಾದ ಗಣಿತಜ್ಞ. ಜಿನೀವಾದಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞ ಪಿಯಾಜೆ ಜೊತೆ ಕೆಲಸ ಮಾಡಿ ಬಂದವರು, ಯುವಕರಾಗಿದ್ದಾಗ ವರ್ಣಭೇದ ನೀತಿಯ ವಿರುದ್ಧ ಹೋರಾಡಿದವರು.

ಅಂದರೆ ಮುದ್ರಣ ಗೊತ್ತಿದ್ದ ಒಬ್ಬ ವಿನ್ಯಾಸಕಿಗೆ ತಂತ್ರಜ್ಞಾನ ಸಂಸ್ಥೆಯಲ್ಲಿ ಮೇಷ್ಟ್ರ ಕೆಲಸ ಕೊಟ್ಟಿದ್ದು, ಮೇಡಾ, ರಿಯಾಸ್, ಇವ್ರೆಯಾ ಮೂಲಕ ಹಾದು, ನಮ್ಮ ಲ್ಯಾಬಿನ ಬೆಂಚಿಗೆ ಬಂದು ಮುಟ್ಟಿದೆ. ಒಂದು ನೇಮಕಾತಿಯ ಫಲ ಕಾಣೋಕೆ ಮೂವತ್ತು ವರ್ಷ ಹಿಡಿಯಬಹುದು.

ಈ ಕಥೆಗೊಂದು ಕಹಿ ತುದಿಯೂ ಇದೆ. ಆರ್ಡುಯಿನೊಗೆ ಮೊದಲು ‘ವೈರಿಂಗ್’ ಇತ್ತು. 2003ರಲ್ಲಿ ಅದನ್ನು ಕಟ್ಟಿದ್ದು ಕೊಲಂಬಿಯಾದಿಂದ ಬಂದಿದ್ದ ವಿದ್ಯಾರ್ಥಿ ಎರ್ನಾಂಡೊ ಬರಗಾನ್, ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ. ಮಾರ್ಗದರ್ಶಕರು ಬಾಂಜಿ ಮತ್ತು ರಿಯಾಸ್. ಬಾಂಜಿ ಮತ್ತು ಜೊತೆಗಾರರು ಅದೇ ಕೋಡನ್ನು ಆಧರಿಸಿ ಆರ್ಡುಯಿನೊ ಮಾಡಿದರು. ಓಪನ್ ಸೋರ್ಸ್ ಆದ್ದರಿಂದ ಕಾನೂನಿನಲ್ಲಿ ತಪ್ಪಿಲ್ಲ. ಆದರೆ ಕೀರ್ತಿ ಯಾರಿಗೆ ಹೋಯಿತು? ಬರಗಾನ್ 2016ರಲ್ಲಿ ತನ್ನ ಕಡೆಯ ಕಥೆಯನ್ನು ಉದ್ದವಾಗಿ ಬರೆದು ಪ್ರಕಟಿಸಿದ. ಯೋಜನೆ ವಿದ್ಯಾರ್ಥಿಯದ್ದು, ಹೆಸರು ಮೇಷ್ಟ್ರದ್ದು. ಇದು ಇಟಲಿಯಲ್ಲಿ ಮಾತ್ರ ನಡೆಯುವ ವಿಷಯ ಅಲ್ಲ ಅಂತ ನಿಮಗೂ ಗೊತ್ತು.

ಇಂಥ ಕೋರ್ಸುಗಳಲ್ಲಿ ಹಳೆಯದೊಂದು ಮೀಡಿಯಾ ಲ್ಯಾಬಿಗಿಂತಲೂ ಮೊದಲಿನದು: ನ್ಯೂಯಾರ್ಕ್ ವಿಶ್ವವಿದ್ಯಾಲಯದ ಐಟಿಪಿ, 1979. ಅದು ಇರೋದು ಕಲಾ ಶಾಲೆಯಲ್ಲಿ. ಕಟ್ಟಿದ ರೆಡ್ ಬರ್ನ್ಸ್ ಕೆನಡಾದ ಸರ್ಕಾರಿ ಸಾಕ್ಷ್ಯಚಿತ್ರ ಸಂಸ್ಥೆಯಲ್ಲಿ ಹದಿಹರೆಯದಲ್ಲೇ ಕೆಲಸಕ್ಕೆ ಸೇರಿದವರು. 1971ರಲ್ಲಿ ಸಾಕ್ಷ್ಯಚಿತ್ರಕಾರ ಜಾರ್ಜ್ ಸ್ಟೋನಿ ಜೊತೆ ಸೇರಿ, ಕೇಬಲ್ ಟಿವಿಯಲ್ಲಿ ಜನಸಾಮಾನ್ಯರಿಗೆ ಜಾಗ ಸಿಗಬೇಕು ಅಂತ ಒಂದು ಕೇಂದ್ರ ನಡೆಸಿದರು. ಪೆನ್ಸಿಲ್ವೇನಿಯಾದ ರೆಡಿಂಗ್ ಊರಿನಲ್ಲಿ ವಯಸ್ಸಾದವರು ಟಿವಿಯಲ್ಲೇ ಪರಸ್ಪರ ಮಾತಾಡುವ, ಅಧಿಕಾರಿಗಳನ್ನು ಪ್ರಶ್ನಿಸುವ ಎರಡು ಕಡೆಯ ಕೇಬಲ್ ವ್ಯವಸ್ಥೆ ಮಾಡಿದ್ದು ಈ ಗುಂಪು. ಝೂಮ್‌ಗಿಂತ ನಲವತ್ತು ವರ್ಷ ಮುಂಚೆ, ಅದೂ ಅಜ್ಜ ಅಜ್ಜಿಯರಿಗಾಗಿ! ಮುಂದೆ ಅಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿದ, ಆರ್ಡುಯಿನೊ ತಂಡದಲ್ಲೂ ಒಬ್ಬರಾದ ಟಾಮ್ ಇಗೋ ಮೂಲತಃ ನಾಟಕರಂಗದಲ್ಲಿ ಬೆಳಕಿನ ವಿನ್ಯಾಸ ಮಾಡುತ್ತಿದ್ದವರು.

ದುಡ್ಡಿನ ಹಿನ್ನೆಲೆ

ಹಾಗಂತ ಮೀಡಿಯಾ ಲ್ಯಾಬನ್ನು ಪೂಜೆ ಮಾಡಬೇಕಿಲ್ಲ. 2011ರಲ್ಲಿ ಅದರ ನಿರ್ದೇಶಕರಾದ ಜೋಯಿ ಇಟೊ ಕಾಲೇಜು ಅರ್ಧಕ್ಕೇ ಬಿಟ್ಟಿದ್ದ ಹೂಡಿಕೆದಾರ. ಪದವಿಯಿಲ್ಲದವನಿಗೆ ಎಂಐಟಿಯಲ್ಲಿ ಕುರ್ಚಿ ಅಂತ ಜಗತ್ತು ಕೊಂಡಾಡಿತು. 2019ರ ಸೆಪ್ಟೆಂಬರಿನಲ್ಲಿ ಅವರು ರಾಜೀನಾಮೆ ಕೊಟ್ಟರು, ಲೈಂಗಿಕ ಅಪರಾಧಿ ಜೆಫ್ರಿ ಎಪ್‌ಸ್ಟೀನ್‌ನಿಂದ ದೇಣಿಗೆ ಪಡೆದಿದ್ದು ಬಯಲಾದ ಮೇಲೆ. 2002ರಿಂದ 2017ರವರೆಗೆ ಎಂಐಟಿಗೆ ಅವನಿಂದ ಬಂದಿದ್ದು 8.5 ಲಕ್ಷ ಡಾಲರ್, ಅದರಲ್ಲಿ ಹೆಚ್ಚಿನ ಪಾಲು ಮೀಡಿಯಾ ಲ್ಯಾಬಿಗೆ ಎಂದು ಎಂಐಟಿಯೇ ಮಾಡಿಸಿದ ತನಿಖೆ ಹೇಳಿತು. ವಿಭಾಗದ ಬೇಲಿ ಇಲ್ಲದ ಜಾಗಕ್ಕೆ ಹೊಸ ಯೋಚನೆಗಳು ಸುಲಭವಾಗಿ ಬರುತ್ತವೆ. ದುಡ್ಡೂ ಅಷ್ಟೇ ಸುಲಭವಾಗಿ ಬರುತ್ತೆ, ಕೇಳೋರು ಇರಲ್ಲ.

ನಮ್ಮ ದೇಶವೂ ಆ ಲ್ಯಾಬನ್ನು ಇಲ್ಲಿಗೆ ತರಲು ನೋಡಿತ್ತು. ವಾಜಪೇಯಿ ಸರ್ಕಾರದ ಕಾಲದಲ್ಲಿ, 2001ರಲ್ಲಿ, ಎಂಐಟಿ ಜೊತೆಗೂಡಿ ‘ಮೀಡಿಯಾ ಲ್ಯಾಬ್ ಏಷ್ಯಾ’ ಶುರುವಾಯಿತು. ಎರಡೇ ವರ್ಷಕ್ಕೆ, ಅರುಣ್ ಶೌರಿ ಐಟಿ ಸಚಿವರಾಗಿದ್ದಾಗ, ಒಪ್ಪಂದ ಮುರಿದುಬಿತ್ತು. ಸಂಸ್ಥೆ ಮಾತ್ರ ಉಳಿಯಿತು. 2017ರಲ್ಲಿ ಅದರ ಹೆಸರು ‘ಡಿಜಿಟಲ್ ಇಂಡಿಯಾ ಕಾರ್ಪೊರೇಷನ್’ ಆಯಿತು. ಬೋರ್ಡು ತಂದೆವು, ಬೋರ್ಡಿನ ಹಿಂದೆ ಇರಬೇಕಾದ ಬಗೆಬಗೆಯ ಮೇಷ್ಟ್ರುಗಳನ್ನು ತರಲಿಲ್ಲ ಅನ್ನೋದು ನನ್ನ ಓದು.

ನಮ್ಮ ನಿಯಮ ಏನನ್ನುತ್ತೆ?

ಇವತ್ತು ಮ್ಯೂರಿಯಲ್ ಕೂಪರ್ ನಮ್ಮ ಸರ್ಕಾರಿ ವಿಶ್ವವಿದ್ಯಾಲಯವೊಂದರ ಕಂಪ್ಯೂಟರ್ ವಿಭಾಗಕ್ಕೆ ಅರ್ಜಿ ಹಾಕಿದರೆ ಮೊದಲ ಹಂತದಲ್ಲೇ ತಿರಸ್ಕೃತ. ಯುಜಿಸಿಯ 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಾಗಲು ಸಂಬಂಧಪಟ್ಟ ವಿಷಯದಲ್ಲಿ ಶೇ. 55 ಅಂಕದ ಸ್ನಾತಕೋತ್ತರ ಪದವಿ ಬೇಕು, ಜೊತೆಗೆ ನೆಟ್ ಅಥವಾ ಪಿಎಚ್‌ಡಿ. ಎಂಜಿನಿಯರಿಂಗ್‌ಗೆ ಎಐಸಿಟಿಇ ಕೇಳೋದು ಸಂಬಂಧಪಟ್ಟ ಶಾಖೆಯ ಪದವಿಗಳನ್ನು. ಸಂಗೀತ, ದೃಶ್ಯಕಲೆಯಂಥ ಕೆಲವು ವಿಷಯಗಳಲ್ಲಿ ಪದವಿಯ ಬದಲು ಸಾಧನೆಯನ್ನು ಲೆಕ್ಕಕ್ಕಿಡುವ ಬೇರೆ ಬಾಗಿಲಿದೆ. ಅಂದರೆ ಮ್ಯಾಕೋವರ್‌ಗೆ ಸಂಗೀತ ವಿಭಾಗದಲ್ಲಿ ಕೆಲಸ ಸಿಕ್ಕೀತು, ಲ್ಯಾಬಿನಲ್ಲಿ ಸಿಗಲ್ಲ.

ಈ ಬಿಗಿಯನ್ನು ಸಡಿಲಿಸೋಕೆ ಅಂತ 2022ರಲ್ಲಿ ಯುಜಿಸಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿ ತಂದಿತು. ಕ್ಷೇತ್ರದಲ್ಲಿ 15 ವರ್ಷ ಅನುಭವ ಇದ್ದರೆ ಸಾಕು, ಪದವಿ ಕಡ್ಡಾಯವಲ್ಲ. ಮಂಜೂರಾದ ಹುದ್ದೆಗಳ ಶೇ. 10 ಮೀರುವಂತಿಲ್ಲ. ಅವಧಿ ಮೂರು ವರ್ಷ, ವಿಶೇಷ ಸಂದರ್ಭದಲ್ಲಿ ನಾಲ್ಕು. ಕೇಳೋಕೆ ಚೆನ್ನಾಗಿದೆ. ಆದರೆ ಎರಡು ತೊಡಕು. ಈ ಹುದ್ದೆಗಳಿಗೆ ಉದ್ಯಮವೇ ಸಂಬಳ ಕೊಡಬಹುದು, ಹಾಗಾಗಿ ಕರೆಸಿಕೊಳ್ಳುವ ‘ಅನುಭವ’ ಯಾವ ಬಗೆಯದ್ದು ಅಂತ ಊಹಿಸಬಹುದು. 15 ವರ್ಷ ಕಾರ್ಪೊರೇಟ್ ಕಂಪನಿಯಲ್ಲಿ ದುಡಿದ ವೈಸ್ ಪ್ರೆಸಿಡೆಂಟ್ ಬರ್ತಾರೆ. 15 ವರ್ಷ ಆಟೋ ಚಾಲಕರ ಸಂಘ ಕಟ್ಟಿದವರು, ಆಶಾ ಕಾರ್ಯಕರ್ತೆಯರ ಜೊತೆ ಮೊಬೈಲ್ ಆ್ಯಪಿನ ಕಾಟ ಅನುಭವಿಸಿದವರು ಬರಲ್ಲ. ಎರಡನೆಯದು ಇನ್ನೂ ಮುಖ್ಯ: ಈ ನೇಮಕಗಳು ಮಂಜೂರಾದ ಹುದ್ದೆಗಳ ಹೊರಗಿನವು. ಹುದ್ದೆಯೇ ಲೆಕ್ಕದಲ್ಲಿಲ್ಲ ಅಂದ ಮೇಲೆ ಮೀಸಲಾತಿಯ ರೋಸ್ಟರ್ ಬಗ್ಗೆ ಯಾರೂ ಕೇಳಬೇಕಿಲ್ಲ.

ರೋಸ್ಟರ್ ಅಂದಾಗ ನೆನಪಾಯ್ತು. 2017ರಲ್ಲಿ ಅಲಹಾಬಾದ್ ಹೈಕೋರ್ಟ್ ತೀರ್ಪಿನ ನಂತರ ಮೀಸಲಾತಿ ಲೆಕ್ಕಕ್ಕೆ ಇಡೀ ವಿಶ್ವವಿದ್ಯಾಲಯದ ಬದಲು ಒಂದೊಂದೇ ವಿಭಾಗವನ್ನು ಘಟಕವಾಗಿ ಹಿಡಿಯುವ 13 ಅಂಶಗಳ ರೋಸ್ಟರ್ ಬಂತು. ಅದರಲ್ಲಿ ಒಬಿಸಿಗೆ ಸಿಗೋದು ನಾಲ್ಕನೇ ಹುದ್ದೆ, ಪರಿಶಿಷ್ಟ ಜಾತಿಗೆ ಏಳನೆಯದು, ಪರಿಶಿಷ್ಟ ಪಂಗಡಕ್ಕೆ ಹದಿನಾಲ್ಕನೆಯದು. ಮೂರೇ ಜನ ಮೇಷ್ಟ್ರಿರುವ ಹೊಸ ‘ಅಂತರಶಿಸ್ತೀಯ ಕೇಂದ್ರ’ ತೆರೆದರೆ? ಮೀಸಲು ಸೊನ್ನೆ. ದೇಶದಾದ್ಯಂತ ಪ್ರತಿಭಟನೆ ನಡೆದ ಮೇಲೆ, 2019ರ ಕಾಯ್ದೆಯಿಂದ ಕೇಂದ್ರೀಯ ಸಂಸ್ಥೆಗಳಲ್ಲಿ ಮತ್ತೆ ಇಡೀ ಸಂಸ್ಥೆಯೇ ಘಟಕವಾಯಿತು. ಆದರೆ ನಾವು ಮಾತಾಡುತ್ತಿರುವ ಕೋರ್ಸುಗಳಲ್ಲಿ ಬಹುಪಾಲು ಇರೋದು ಖಾಸಗಿಯವರ ಬಳಿ, ಅಲ್ಲಿ ಬೋಧಕರ ನೇಮಕಕ್ಕೆ ಮೀಸಲಾತಿ ಕಡ್ಡಾಯವೇ ಇಲ್ಲ. ಬ್ರೋಷರಿನಲ್ಲಿ ‘ವೈವಿಧ್ಯಮಯ ಹಿನ್ನೆಲೆಯ ಬೋಧಕರು’ ಅಂತ ಬರೆದಿರುವಾಗ ಆ ವೈವಿಧ್ಯ ಪದವಿಗಳದ್ದು. ಒಬ್ಬರು ಎಂಬಿಎ, ಒಬ್ಬರು ಎಂಟೆಕ್, ಒಬ್ಬರು ಎಂಡೆಸ್. ಮೂವರೂ ಒಂದೇ ಬಗೆಯ ಬಡಾವಣೆಯಲ್ಲಿ ಬೆಳೆದು, ಒಂದೇ ಬಗೆಯ ಶಾಲೆಯಲ್ಲಿ ಓದಿ, ಒಂದೇ ಭಾಷೆಯಲ್ಲಿ ಕನಸು ಕಾಣುವವರಾಗಿದ್ದರೆ ಅದನ್ನು ಅಂತರಶಿಸ್ತೀಯ ಅನ್ನಬಹುದು, ವೈವಿಧ್ಯ ಅನ್ನೋಕಾಗಲ್ಲ.

2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ನಿಯಮ ಬಿಟ್ಟಿತು. ಕುಲಪತಿ ನೇಮಕದಲ್ಲಿ ರಾಜ್ಯಗಳ ಕೈ ಕಟ್ಟುತ್ತೆ ಅಂತ ದೊಡ್ಡ ಗಲಾಟೆ ಆಯಿತು, ಆಗಬೇಕಾದ್ದೇ. ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ವಿರೋಧ ಪಕ್ಷಗಳ ಸರ್ಕಾರವಿರುವ ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿ ಅದನ್ನು ವಿರೋಧಿಸಿದರು. ಆ ಕರಡಿನಲ್ಲಿ ಇನ್ನೊಂದು ಅಂಶವೂ ಇತ್ತು: ಪದವಿಯ ವಿಷಯ ಬೇರೆ ಇದ್ದರೂ ನೆಟ್ ಅಥವಾ ಪಿಎಚ್‌ಡಿ ಮಾಡಿದ ವಿಷಯದಲ್ಲಿ ಮೇಷ್ಟ್ರಾಗಬಹುದು ಎನ್ನುವ ಪ್ರಸ್ತಾಪ. ಅದು ಒಳ್ಳೆಯ ಪ್ರಸ್ತಾಪ. ಕುಲಪತಿ ವಿಷಯಕ್ಕೆ ಬೇಡ ಅನ್ನೋರು ಇದಕ್ಕೆ ಹೂಂ ಅನ್ನಬಹುದಿತ್ತು.

ಇಲ್ಲೂ ಆಗುತ್ತೆ ಅನ್ನೋದಕ್ಕೆ ಸಾಕ್ಷಿ

ಬೆಂಗಳೂರಿನ ಐಐಐಟಿಯಲ್ಲಿ ‘ಡಿಜಿಟಲ್ ಸೊಸೈಟಿ’ ಎಂಬ ಎಂಎಸ್ಸಿ ಇದೆ. ಹೆಸರಲ್ಲಿ ಇನ್ನೋವೇಷನ್ ಇಲ್ಲ, ಒಳಗಿದೆ. ಅಲ್ಲಿನ ಬಾಲಾಜಿ ಪಾರ್ಥಸಾರಥಿ ಅವರ ಪಿಎಚ್‌ಡಿ ನಗರ ಮತ್ತು ಪ್ರಾದೇಶಿಕ ಯೋಜನೆಯಲ್ಲಿ. ಅಲ್ಲಿ ಕಲಿಸಿದ ಜಾನಕಿ ಶ್ರೀನಿವಾಸನ್ ಅವರು ಕೇರಳದ ಮೀನುಗಾರರ ಮೊಬೈಲು, ರಾಜಸ್ಥಾನದ ಮಾಹಿತಿ ಹಕ್ಕು ಹೋರಾಟಗಳನ್ನು ಅಧ್ಯಯನ ಮಾಡಿ, ಮಾಹಿತಿಯ ರಾಜಕಾರಣದ ಬಗ್ಗೆ 2022ರಲ್ಲಿ ಪುಸ್ತಕ ಬರೆದವರು. ಇಂಥ ಹಿನ್ನೆಲೆಯವರು ತಂತ್ರಜ್ಞಾನ ಸಂಸ್ಥೆಯೊಳಗೆ ಇದ್ದಿದ್ದರಿಂದ ಏನಾಯಿತು? ಡೆಲಿವರಿ ಆ್ಯಪನ್ನು ಇನ್ನಷ್ಟು ವೇಗ ಮಾಡೋದು ಹೇಗೆ ಅನ್ನೋದರ ಜೊತೆಗೆ, ಡೆಲಿವರಿ ಮಾಡೋ ಹುಡುಗನಿಗೆ ಎಷ್ಟು ಸಿಗುತ್ತೆ ಎಂಬ ಪ್ರಶ್ನೆಯೂ ಸಂಶೋಧನೆಯಾಯಿತು. ಅವರ ತಂಡದ ‘ಫೇರ್‌ವರ್ಕ್ ಇಂಡಿಯಾ’ ವರದಿಗಳು ಸಂಬಳ, ಕೆಲಸದ ಸ್ಥಿತಿ, ಒಪ್ಪಂದ, ಆಡಳಿತ, ಸಂಘಟನೆಯ ಹಕ್ಕು ಈ ಐದು ಅಳತೆಯಲ್ಲಿ ಕಂಪನಿಗಳಿಗೆ 10ಕ್ಕೆ ಅಂಕ ಕೊಟ್ಟವು. 2022ರ ವರದಿಯಲ್ಲಿ ಓಲಾ, ಊಬರ್‌ಗೆ ಸಿಕ್ಕಿದ್ದು ಸೊನ್ನೆ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ಮಾಡಿತು. ಅದು ಮುಖ್ಯವಾಗಿ ಕಾರ್ಮಿಕ ಸಂಘಟನೆಗಳ ಹೋರಾಟದ ಫಲ. ಆದರೆ ಆ ಹೋರಾಟಕ್ಕೆ ಅಂಕಿಅಂಶಗಳನ್ನು ಜೋಡಿಸಿಡುವ ಮೇಷ್ಟ್ರುಗಳು ಇಂಥ ಕೋರ್ಸಿನಲ್ಲಿ ಇದ್ದಾರೆ ಅನ್ನೋದು ಸಣ್ಣ ವಿಷಯವಲ್ಲ.

ಕನ್ನಡಕ್ಕೇ ಬಂದರೆ, ನೀವು ‘ನುಡಿ’ಯಲ್ಲಿ ಟೈಪ್ ಮಾಡೋ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದ್ದು. ಟಿಐಎಫ್‌ಆರ್‌ನಲ್ಲಿದ್ದು, ಆಮೇಲೆ ಮುದ್ರಣ, ಅಚ್ಚುಮೊಳೆಗಳ ಲೋಕಕ್ಕೆ ಹೋಗಿ, ಮಾನೋಟೈಪ್‌ನಲ್ಲಿ ಕೆಲಸ ಮಾಡಿದವರು. ವಿಜ್ಞಾನ, ಭಾಷೆ, ಮುದ್ರಣ ಮೂರೂ ಒಬ್ಬರಲ್ಲೇ ಕೂಡಿದ್ದರಿಂದ ‘ಕ’ ಒತ್ತಿದ ಮೇಲೆ ಸ್ವರ ಒತ್ತಿದರೆ ಕಾಗುಣಿತ ತಾನಾಗಿ ಮೂಡುವ ತರ್ಕ ಹೊಳೆಯಿತು. ಇಂಥವರಿಗೆ ಯಾವ ವಿಭಾಗದ ಹುದ್ದೆ ಅಂತ ನಮ್ಮ ಅರ್ಜಿ ನಮೂನೆಯಲ್ಲಿ ಈಗಲೂ ಕಾಲಂ ಇಲ್ಲ.

ಪಟ್ಟಿ ಓದೋದು ಹೇಗೆ

ತಂಗಿಗೆ ಹೇಳಿದ್ದನ್ನೇ ಹೇಳ್ತೀನಿ. ಬೋಧಕರ ಪುಟ ತೆರೆದ ಕೂಡಲೇ ಫೋಟೊ ನೋಡಬೇಡಿ, ಹೆಸರಿನ ಕೆಳಗಿನ ಪದ ನೋಡಿ. ‘ಅಡ್ಜಂಕ್ಟ್’, ‘ವಿಸಿಟಿಂಗ್’, ‘ಇಂಡಸ್ಟ್ರಿ ಮೆಂಟರ್’ ಅಂತ ಇರೋರು ಸೆಮಿಸ್ಟರಿಗೆ ಎರಡು ಸಲ ಬಂದು ಹೋಗೋರಿರಬಹುದು. ಅವರನ್ನು ತೆಗೆದು ಉಳಿದವರನ್ನು ಎಣಿಸಿ. ಇಪ್ಪತ್ತು ಮುಖಗಳಿರುವ ಪುಟದಲ್ಲಿ ಪೂರ್ಣಾವಧಿಯವರು ಐದೇ ಜನ ಇದ್ದರೆ ನೀವು ಫೀಸು ಕೊಡ್ತಿರೋದು ಆ ಐದು ಜನಕ್ಕೆ. ಆ ಐದರಲ್ಲಿ ನಾಲ್ವರು ಒಂದೇ ವಿಭಾಗದಿಂದ ಬಂದಿದ್ದರೆ ಅದು ಹಳೇ ಕೋರ್ಸಿಗೆ ಹೊಸ ಹೆಸರು. ಆಮೇಲೆ ಅವರು ಕೊನೆಯ ಐದು ವರ್ಷದಲ್ಲಿ ಏನು ಮಾಡಿದ್ದಾರೆ ಹುಡುಕಿ: ಪೇಪರ್, ಸಿನಿಮಾ, ಸಾಫ್ಟ್‌ವೇರ್, ಯಾವುದಾದರೂ ಸರಿ. ಇಬ್ಬರು ಬೇರೆ ಬೇರೆ ಹಿನ್ನೆಲೆಯ ಮೇಷ್ಟ್ರು ಕೂಡಿ ಒಂದೇ ಒಂದು ಕೆಲಸವನ್ನಾದರೂ ಮಾಡಿದ್ದಾರಾ? ಮಾಡಿಲ್ಲ ಅಂದರೆ ಅಂತರಶಿಸ್ತೀಯ ಅನ್ನೋದು ಟೈಂಟೇಬಲ್ಲಿನಲ್ಲಿ ಮಾತ್ರ. ಹತ್ತು ಗಂಟೆಗೆ ಒಬ್ಬರು, ಹನ್ನೊಂದಕ್ಕೆ ಇನ್ನೊಬ್ಬರು. ಇನ್ನು ಬರಗಾನ್ ಕಥೆ ನೆನಪಿಟ್ಟುಕೊಂಡು, ನೀವು ಮಾಡಿದ ಪ್ರಾಜೆಕ್ಟು ಯಾರ ಸ್ವತ್ತು ಅಂತ ಲಿಖಿತವಾಗಿ ಕೇಳಿ.

ತಂಗಿ ಆ ವಿಶ್ವವಿದ್ಯಾಲಯಕ್ಕೆ ಮೇಲ್ ಹಾಕಿದಳು. ಪೂರ್ಣಾವಧಿ ಬೋಧಕರು ಎಷ್ಟು? ಪ್ರಾಜೆಕ್ಟಿಗೆ ಮಾರ್ಗದರ್ಶಕರು ಅವರಲ್ಲೇ ಒಬ್ಬರಾ? ವಿದ್ಯಾರ್ಥಿ ಮಾಡಿದ್ದರ ಹಕ್ಕು ಯಾರದ್ದು? ಕೊನೆಗೆ ತನ್ನದೇ ಒಂದು ಸೇರಿಸಿದ್ದಳು: ಕೃಷಿ ಮಾರುಕಟ್ಟೆ ಬಗ್ಗೆ ಕೆಲಸ ಮಾಡಿದವರು, ಕನ್ನಡದಲ್ಲಿ ರೈತರ ಜೊತೆ ಮಾತಾಡಬಲ್ಲವರು ಯಾರಾದರೂ ಇದ್ದಾರಾ?

ಮೂರು ದಿನಕ್ಕೆ ಉತ್ತರ ಬಂತು. ಪೂರ್ಣಾವಧಿ ಆರು ಜನ. ಮಾರ್ಗದರ್ಶಕರನ್ನು ‘ಎರಡನೇ ವರ್ಷದಲ್ಲಿ ತಿಳಿಸಲಾಗುವುದು’. ಹಕ್ಕಿನ ವಿಷಯಕ್ಕೆ ಒಂದು ಲಿಂಕು, ಅದು ತೆರೆಯಲಿಲ್ಲ. ನಾಲ್ಕನೇ ಪ್ರಶ್ನೆಗೆ, ಸಂಸ್ಥೆಯಲ್ಲಿ ಕನ್ನಡ ಸಂಘ ಇದೆ, ಪ್ರತಿವರ್ಷ ರಾಜ್ಯೋತ್ಸವ ಆಚರಿಸ್ತಾರೆ ಅಂತ ಬರೆದಿದ್ದರು. ಸೀಟು ಕಾಯ್ದಿರಿಸಲು ಈ ತಿಂಗಳ 30 ಕೊನೇ ದಿನ. ಚಿಕ್ಕಪ್ಪ ಕೊಬ್ಬರಿ ಇನ್ನೂ ಮಾರಿಲ್ಲ, ದರ ನೋಡ್ತಿದ್ದಾರೆ.